ವಿದ್ಯುಜ್ಜಾಲವು ಮತ್ತೆ ಜೀವಗೊಳ್ಳುವ ಬಗೆ

2012ನೆಯ ಇಸವಿಯ ಜುಲೈ 30ರಂದು, ನಡುರಾತ್ರಿ ಕಳೆದು 2 ಗಂಟೆ 33 ನಿಮಿಷವಾಗಿದ್ದಾಗ, ಮಧ್ಯಪ್ರದೇಶದ ಬೀನಾದಿಂದ ಗ್ವಾಲಿಯರಿಗೆ ಹೋಗುವ 400 ಕಿಲೋವೋಲ್ಟಿನ ವಿದ್ಯುನ್ಮಾರ್ಗವೊಂದು ತಾನಾಗಿಯೇ ಕಡಿದುಕೊಂಡಿತು. ಅಲ್ಲಿ ತಂತಿ ಹರಿದಿರಲಿಲ್ಲ, ಗೋಪುರ ಉರುಳಿರಲಿಲ್ಲ; ಬಹುದೂರದ ದೋಷವನ್ನೂ ಗುರುತಿಸಲೆಂದು ಇರಿಸಿದ್ದ ರಿಲೇ ಎಂಬ ಕಾವಲಿನ ಯಂತ್ರವು, ಮಾರ್ಗದಲ್ಲಿ ಹರಿಯುತ್ತಿದ್ದ ವಿದ್ಯುತ್ತಿನ ಅತಿಭಾರವನ್ನೂ ಕುಗ್ಗಿದ್ದ ವೋಲ್ಟೇಜನ್ನೂ ಒಟ್ಟಿಗೆ ಕಂಡು, ಅದನ್ನೇ ದೋಷವೆಂದು ಭ್ರಮಿಸಿ, ತನಗೆ ವಿಧಿಸಿದ್ದ ಕರ್ತವ್ಯವನ್ನು ಚಾಚೂ ತಪ್ಪದೆ ನೆರವೇರಿಸಿತು. ಆ ಮಾರ್ಗ ಹೊತ್ತಿದ್ದ ಭಾರ ಉಳಿದ ಮಾರ್ಗಗಳ ಮೇಲೆ ಬಿದ್ದು, ಅವೂ ಒಂದರ ಹಿಂದೊಂದು ಕಡಿದು, ಕೆಲವೇ ಕ್ಷಣಗಳಲ್ಲಿ ಉತ್ತರ ಭಾರತದ ಜಾಲವು ನೆರೆಯ ಜಾಲಗಳಿಂದ ಬೇರ್ಪಟ್ಟು ಕುಸಿಯಿತು. ಸುಮಾರು 36,000 ಮೆಗಾವಾಟ್ ಬೇಡಿಕೆ ಒಮ್ಮೆಗೇ ಕತ್ತಲಲ್ಲಿ ಮುಳುಗಿತು. ಮರುದಿನ ಮಧ್ಯಾಹ್ನ 1 ಗಂಟೆಗೆ ಅದೇ ಬೀನಾ–ಗ್ವಾಲಿಯರ್ ಮಾರ್ಗ ಮತ್ತೆ ಕಡಿದಾಗ, ಉತ್ತರದೊಡನೆ ಪೂರ್ವ ಮತ್ತು ಈಶಾನ್ಯದ ಜಾಲಗಳೂ ಬಿದ್ದುವು. ಈ ಸಲ ನಷ್ಟವಾದ ಬೇಡಿಕೆ ಸುಮಾರು 48,000 ಮೆಗಾವಾಟ್, ವಿದ್ಯುತ್ತನ್ನು ಕಳೆದುಕೊಂಡ ಪ್ರದೇಶಗಳಲ್ಲಿ ವಾಸಿಸುತ್ತಿದ್ದವರು 60 ಕೋಟಿಗೂ ಮೇಲ್ಪಟ್ಟ ಜನ.

ಈ ಪತನದ ಕಾರಣಗಳನ್ನು ಕುರಿತು ಅಂದಿನಿಂದ ಇಂದಿನವರೆಗೆ ಬೇಕಾದಷ್ಟು ಚರ್ಚೆ ನಡೆದಿದೆ. ಆದರೆ ಬಿದ್ದ ಜಾಲವು ಮತ್ತೆ ಎದ್ದು ನಿಂತ ಕಥೆಯನ್ನು ಕೇಳಿದವರು ಕಡಿಮೆ. ಕ್ಷಣಗಳಲ್ಲಿ ಬಿದ್ದುದು ಏಳುವುದಕ್ಕೆ ಮೊದಲನೆಯ ದಿನ ಸಂಜೆ 4 ಗಂಟೆಯವರೆಗೂ, ಎರಡನೆಯ ದಿನ ರಾತ್ರಿ ಒಂಬತ್ತೂವರೆಯವರೆಗೂ ಕಾಯಬೇಕಾಯಿತು. ಗುಂಡಿಯೊಂದನ್ನು ಒತ್ತಿದರೆ ಬೆಳಗುವ ದೀಪವನ್ನು ನಿತ್ಯವೂ ಕಾಣುವ ನಮಗೆ, ಇಷ್ಟೊಂದು ಗಂಟೆಗಳ ಕಾಲ ಆ ಎಂಜಿನಿಯರುಗಳು ಮಾಡುತ್ತಿದ್ದುದೇನು ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಅದರ ಉತ್ತರವನ್ನು ಅರಸುತ್ತ ಹೋದಂತೆ, ವಿದ್ಯುತ್ತನ್ನು ಮರಳಿಸುವ ವಿದ್ಯೆಯೆಂಬುದು ಯಂತ್ರಶಾಸ್ತ್ರವಾಗಿರುವಷ್ಟೇ ಸಂಯಮದ ಶಾಸ್ತ್ರವೂ ಆಗಿದೆಯೆಂಬುದು ಮನದಟ್ಟಾಗುತ್ತದೆ.

ಎರಡು ಬಗೆಯ ಕತ್ತಲೆ

ಮಳೆಗಾಲದ ಮಲೆನಾಡಿನಲ್ಲಿ ಮರವುರುಳಿ ಕಂಬ ಮುರಿದಾಗ ಕವಿಯುವ ಕತ್ತಲೆ ಒಂದು ಬಗೆಯದು. ಅಲ್ಲಿ ಜಾಲವು ಜೀವಂತವಾಗಿಯೇ ಇದ್ದು, ಅದರ ಕೈಬೆರಳೊಂದು ಮಾತ್ರ ಗಾಯಗೊಂಡಿರುತ್ತದೆ. ಮುರಿದುದನ್ನು ಹುಡುಕಿ ಜೋಡಿಸಿದರೆ ವಿದ್ಯುತ್ತು ಹಿಂದಿನಿಂದ ಹರಿದು ಬರುತ್ತದೆ. ಜಾಲವೇ ಕುಸಿದಾಗ ಕವಿಯುವ ಕತ್ತಲೆಯ ಲಕ್ಷಣ ಇದಕ್ಕೆ ತದ್ವಿರುದ್ಧ. ಅಲ್ಲಿ ಕಂಬ, ತಂತಿ, ಟ್ರಾನ್ಸ್‌ಫಾರ್ಮರು, ಜನರೇಟರು ಎಲ್ಲವೂ ನೆಟ್ಟಗೇ ಇವೆ. ಬಾಯ್ಲರಿನಲ್ಲಿ ಬಿಸಿಯಿದೆ, ಅಣೆಕಟ್ಟೆಯಲ್ಲಿ ನೀರಿದೆ. ಆದರೂ ಯಾವುದೂ ನಡೆಯದು.

ಇದಕ್ಕೆ ಕಾರಣವನ್ನು ತಿಳಿಯಬೇಕಾದರೆ ವಿದ್ಯುಜ್ಜಾಲದ ಮೂಲಧರ್ಮವನ್ನು ನೆನೆಯಬೇಕು. ಪರ್ಯಾಯ ವಿದ್ಯುತ್ತನ್ನು ಕಣಜದಲ್ಲಿ ತುಂಬಿಡಲು ಬರುವುದಿಲ್ಲ. ಯಾವ ಕ್ಷಣದಲ್ಲಿ ಎಷ್ಟು ಬಳಕೆಯೋ ಆ ಕ್ಷಣದಲ್ಲಿಯೇ ಅಷ್ಟು ಉತ್ಪಾದನೆ ಆಗಲೇಬೇಕು. ಈ ಸಮತೋಲವನ್ನು ಸೂಚಿಸುವುದು ಆವರ್ತನ, ಎಂದರೆ ಸೆಕೆಂಡಿಗೆ 50 ಸಲ ತುಯ್ಯುವ ಅದರ ಲಯ. ಬಳಕೆ ಹೆಚ್ಚಿದರೆ ಜಾಲಕ್ಕೆ ಸೇರಿದ ಜನರೇಟರುಗಳೆಲ್ಲವೂ ಒಟ್ಟಿಗೆ ನಿಧಾನಿಸಿ ಆವರ್ತನ ಇಳಿಯುತ್ತದೆ. ಬಳಕೆ ತಗ್ಗಿದರೆ ಅವೆಲ್ಲವೂ ಒಟ್ಟಿಗೆ ವೇಗಗೊಂಡು ಅದು ಏರುತ್ತದೆ. ಇಳಿತವಾಗಲಿ ಏರಿಕೆಯಾಗಲಿ ಮಿತಿಮೀರಿದಾಗ, ಯಂತ್ರಗಳು ತಮ್ಮನ್ನು ತಾವು ಕಾಪಾಡಿಕೊಳ್ಳಲು ಒಂದೊಂದಾಗಿ ಜಾಲದಿಂದ ಕಳಚಿಕೊಳ್ಳುತ್ತವೆ. ಜುಲೈ 30ರ ಆ ನಡುರಾತ್ರಿ ನಡೆದುದೂ ಇದೇ. ಪಶ್ಚಿಮದಲ್ಲಿ ಮಳೆ ಬಂದು ಬೇಡಿಕೆ ತಗ್ಗಿ ವಿದ್ಯುತ್ತು ಮಿಕ್ಕಿತ್ತು. ಉತ್ತರದಲ್ಲಿ ಮಳೆ ಕೈಕೊಟ್ಟು, ಸೆಕೆಯೂ ಪಂಪುಸೆಟ್ಟುಗಳೂ ಸೇರಿ, ರಾಜ್ಯಗಳು ತಮಗೆ ನಿಗದಿಯಾದುದಕ್ಕಿಂತ ಹೆಚ್ಚು ವಿದ್ಯುತ್ತನ್ನು ಸೆಳೆಯುತ್ತಿದ್ದುವು. ನಡುವಣ ಕೆಲವು ಮಾರ್ಗಗಳು ಬೇರೆ ಬೇರೆ ಕಾರಣಗಳಿಂದ ಸೇವೆಯಲ್ಲಿರಲಿಲ್ಲ. ಸೆಳೆತವನ್ನು ತಗ್ಗಿಸಿರೆಂದು, ಜಾಲದ ಹರಿವನ್ನು ನಿಯಂತ್ರಿಸುವ ಪ್ರಾದೇಶಿಕ ಲೋಡ್ ಡಿಸ್ಪ್ಯಾಚ್ ಸೆಂಟರು ಕೊಟ್ಟ ಸೂಚನೆಗಳಿಗೆ ರಾಜ್ಯಗಳಿಂದ ತಕ್ಕ ಸ್ಪಂದನ ಬರಲಿಲ್ಲವೆಂದು ತನಿಖಾ ಸಮಿತಿಯು ಆಗಸ್ಟಿನಲ್ಲಿ ಒಪ್ಪಿಸಿದ ವರದಿಯಲ್ಲಿ ಕಾಣಿಸಿದೆ. ದೋಷವು ತಂತಿಯಲ್ಲಿರದೆ ಶಿಸ್ತಿನಲ್ಲಿತ್ತು.

ಮೊದಲ ಕಿಡಿ

ಸತ್ತ ಜಾಲವನ್ನು ಎಬ್ಬಿಸಹೊರಟ ಎಂಜಿನಿಯರು ಮೊಟ್ಟಮೊದಲು ಮಾಡುವ ಕೆಲಸವೆಂದರೆ ಇನ್ನಷ್ಟು ಕಡಿಯುವುದು. ಸಬ್‌ಸ್ಟೇಷನ್ನುಗಳಲ್ಲಿ ಇನ್ನೂ ಕೂಡಿಕೊಂಡಿರುವ, ಬ್ರೇಕರುಗಳೆಂಬ ದೊಡ್ಡ ಸ್ವಿಚ್ಚುಗಳನ್ನು ಒಂದೂ ಬಿಡದಂತೆ ತೆರೆದು, ಇಡೀ ಜಾಲವನ್ನು ಬಿಡಿಬಿಡಿ ತುಂಡುಗಳನ್ನಾಗಿ ಮಾಡದೆ ಹೋದರೆ, ಮೊದಲು ತಿರುಗಿದ ಪುಟ್ಟ ಜನರೇಟರಿನ ಮೇಲೆ ಒಂದು ರಾಜ್ಯದ ಭಾರವೆಲ್ಲವೂ ಒಮ್ಮೆಗೇ ಬಿದ್ದು ಅದು ಮರುಕ್ಷಣವೇ ನಿಂತುಹೋಗುತ್ತದೆ. ಈ ಬ್ರೇಕರುಗಳನ್ನು ತೆರೆಯಲು ಮುಚ್ಚಲು ಬೇಕಾದ ಶಕ್ತಿಯನ್ನು ಕೊಡುವುದು ಸ್ಟೇಷನ್ನಿನ ಬ್ಯಾಟರಿ. ಅದು ಬಾಳುವುದು ಕೆಲವೇ ಗಂಟೆ. ಬ್ಯಾಟರಿ ಬರಿದಾದರೆ, ಬಾಗಿಲವರೆಗೆ ವಿದ್ಯುತ್ತು ಬಂದು ನಿಂತರೂ ಅದನ್ನು ಒಳಗೆ ಬಿಟ್ಟುಕೊಳ್ಳಲು ಬಾರದಂಥ ವಿಚಿತ್ರ ಪರಿಸ್ಥಿತಿ ಒದಗುತ್ತದೆ. ಆದುದರಿಂದ ಸಾವಧಾನವಾಗಿ ನಡೆಯಬೇಕಾದ ಈ ಕಾರ್ಯದ ಬೆನ್ನ ಹಿಂದೆ ಒಂದು ಗಡಿಯಾರವೂ ಓಡುತ್ತಿರುತ್ತದೆ.

ಅನಂತರದ ಸಂಗತಿ ಸಾಮಾನ್ಯರಿಗೆ ಆಶ್ಚರ್ಯವನ್ನುಂಟುಮಾಡುವಂಥದು. ವಿದ್ಯುತ್ತನ್ನು ಉತ್ಪಾದಿಸುವುದಕ್ಕೆ ವಿದ್ಯುತ್ತೇ ಬೇಕು. ಕಲ್ಲಿದ್ದಲನ್ನು ಪುಡಿಮಾಡುವ ಗಿರಣಿಗಳು, ಬಾಯ್ಲರಿಗೆ ನೀರೂಡುವ ಪಂಪುಗಳು, ಗಾಳಿಯೂಡುವ ಬೃಹತ್ ಫ್ಯಾನುಗಳು ಇವೆಲ್ಲವೂ ಸೇರಿ ಒಂದು ಉಷ್ಣ ವಿದ್ಯುದಾಗಾರವು ತನ್ನ ಸಾಮರ್ಥ್ಯದ ಶೇ. 7ರಿಂದ 10ರಷ್ಟನ್ನು ತಾನೇ ಬಳಸುತ್ತದೆ. ಆ ಪ್ರಾರಂಭಶಕ್ತಿ ಹೊರಗಿನಿಂದ ಬಾರದೆ ಅದು ಕದಲದು. ಜಲವಿದ್ಯುದಾಗಾರಕ್ಕೆ ಈ ಪರಾಧೀನತೆ ಅತ್ಯಲ್ಪ: ಒಂದು ಡೀಸೆಲ್ ಜನರೇಟರು, ಬ್ಯಾಟರಿಗಳ ಒಂದು ಸಾಲು, ದ್ವಾರವನ್ನು ತೆರೆಯಲು ಬೇಕಾದ ಎಣ್ಣೆಯ ಒತ್ತಡ, ಇಷ್ಟಿದ್ದರೆ ಕೆಲವೇ ನಿಮಿಷಗಳಲ್ಲಿ ಟರ್ಬೈನು ತಿರುಗುತ್ತದೆ. ಹೊರಗಿನ ಆಸರೆಯಿಲ್ಲದೆ ಹೀಗೆ ಕತ್ತಲಿಂದಲೇ ಎದ್ದು ಬರುವುದಕ್ಕೆ ಎಂಜಿನಿಯರುಗಳ ಬಾಯಲ್ಲಿ ಬ್ಲ್ಯಾಕ್ ಸ್ಟಾರ್ಟ್ ಎಂದು ಹೆಸರು. ಜಾತ್ರೆಯ ತೇರು ನಿಂತಲ್ಲಿಂದ ಕದಲಬೇಕಾದರೆ, ಹಗ್ಗ ಹಿಡಿದ ನೂರಾರು ಮಂದಿಯ ಬಲಕ್ಕೂ ಮುಂಚೆ, ಗಾಲಿಯ ಕೆಳಗೆ ಸನ್ನೆ ಹಾಕಿ ಮೀಟುವ ನಾಲ್ಕಾರು ಜನರ ಕೈಚಳಕ ಬೇಕಲ್ಲವೆ? ಜಲವಿದ್ಯುದಾಗಾರದ ಪಾತ್ರ ಆ ಸನ್ನೆಯದು. ಅದು ಮೀಟಿದ ಮೇಲೆ, ಆಯ್ದ ಒಂದೇ ಮಾರ್ಗದ ಮೂಲಕ ಆ ಅಲ್ಪಶಕ್ತಿಯನ್ನು ಸಮೀಪದ ಉಷ್ಣ ವಿದ್ಯುದಾಗಾರಕ್ಕೆ ಮುಟ್ಟಿಸಿ, ಅದರ ಪಂಪುಗಳನ್ನೂ ಫ್ಯಾನುಗಳನ್ನೂ ನಡೆಸಿ, ಬಾಯ್ಲರಿಗೆ ಮತ್ತೆ ಬೆಂಕಿ ಹಚ್ಚುತ್ತಾರೆ.

ಇಲ್ಲಿಯೂ ಕಾಲದ ಕಟ್ಟಳೆ ಬಹು ನಿಷ್ಠುರ. ಉರಿ ಆರಿದ ಮೇಲೆಯೂ ಟರ್ಬೈನಿನ ದಂಡವು ನೂರಾರು ಡಿಗ್ರಿಯ ಬಿಸಿಯಲ್ಲಿರುತ್ತದೆ. ಆ ಬಿಸಿಯಲ್ಲಿ ಅದು ನಿಶ್ಚಲವಾಗಿ ನಿಂತರೆ, ಮೇಲ್ಭಾಗ ಒಂದು ತೆರನಾಗಿ ಕೆಳಭಾಗ ಒಂದು ತೆರನಾಗಿ ತಣಿದು ಬಾಗಿಬಿಡುವುದುಂಟು. ಅದನ್ನು ಮೆಲ್ಲಮೆಲ್ಲನೆ ತಿರುಗಿಸುತ್ತಲೇ ಇರಬೇಕು. ಅದರ ಬೇರಿಂಗುಗಳಿಗೆ ಎಣ್ಣೆ ಹರಿಯುತ್ತಲೇ ಇರಬೇಕು. 1965ರ ನವೆಂಬರ್ 9ರಂದು ಅಮೆರಿಕದ ಈಶಾನ್ಯ ಭಾಗವೂ ಕೆನಡಾದ ಆಂಟೇರಿಯೋ ಪ್ರಾಂತವೂ ಕತ್ತಲಾದಾಗ, ನ್ಯೂಯಾರ್ಕಿನ ರೇವನ್ಸ್‌ವುಡ್ ಸ್ಥಾವರದ ಭಾರಿ ಯಂತ್ರವೊಂದು, ಎಣ್ಣೆಯ ಪಂಪಿಗೆ ವಿದ್ಯುತ್ತಿಲ್ಲದೆ ಹೋದುದರಿಂದ ತಿರುಗಿ ನಿಲ್ಲುವಷ್ಟರಲ್ಲಿಯೇ ತನ್ನ ಬೇರಿಂಗುಗಳನ್ನು ಸುಟ್ಟುಕೊಂಡಿತು. ಬಾಯ್ಲರು ಪೂರ್ತಿ ತಣಿಯುವುದಕ್ಕೆ ಮುಂಚೆ ಪ್ರಾರಂಭಶಕ್ತಿ ದೊರೆತರೆ ಕೆಲವು ಗಂಟೆಗಳಲ್ಲಿ ಏಳುವ ಘಟಕ, ತಣಿದ ಮೇಲೆ ಏಳಲು ಅದಕ್ಕಿಂತ ಬಹಳ ಹೆಚ್ಚು ಹೊತ್ತನ್ನು ಬೇಡುತ್ತದೆ. ಪರಮಾಣು ಸ್ಥಾವರದ ಕಷ್ಟ ಇನ್ನೂ ಬೇರೆ: ನಿಂತ ರಿಯಾಕ್ಟರಿನಲ್ಲಿ ಝೆನಾನ್ ಎಂಬ ಅನಿಲ ಸಂಚಯಗೊಂಡು ನ್ಯೂಟ್ರಾನುಗಳನ್ನು ನುಂಗತೊಡಗುವುದರಿಂದ, ಅದನ್ನು ಸುಮಾರು ಒಂದೂವರೆ ದಿನದವರೆಗೂ ಮತ್ತೆ ಹೊತ್ತಿಸಲಾಗದಿರುವುದುಂಟು. 2012ರ ಮೊದಲನೆಯ ಪತನದಲ್ಲಿ ಉತ್ತರಪ್ರದೇಶದ ನರೋರಾ ಪರಮಾಣು ಸ್ಥಾವರವು ಜಾಲದಿಂದ ಕಳಚಿಕೊಂಡೂ ನಿಲ್ಲದೆ, ತನ್ನ ಸ್ವಂತ ಉಪಯೋಗಕ್ಕೆ ಬೇಕಾದಷ್ಟನ್ನೇ ಉತ್ಪಾದಿಸುತ್ತ, ಹೌಸ್ ಲೋಡಿನ ಮೇಲೆ ಉಸಿರು ಹಿಡಿದುಕೊಂಡಿತೆಂಬುದು ಆದುದರಿಂದಲೇ ಗಣನೀಯವಾದ ಸಂಗತಿ. ದೆಹಲಿಯ ಬದರ್‌ಪುರ ಸ್ಥಾವರವೂ ಸುಮಾರು 250 ಮೆಗಾವಾಟಿನ ಒಂದು ಪುಟ್ಟ ದ್ವೀಪವಾಗಿ, ಎಂದರೆ ಜಾಲದಿಂದ ಬೇರ್ಪಟ್ಟೂ ತನ್ನಷ್ಟಕ್ಕೆ ನಡೆಯುವ ತುಂಡಾಗಿ, ಉಳಿದಿತ್ತು.

ಬಿದ್ದವನಿಗೆ ನೆರೆಯವನು ಕೈಕೊಡಬಲ್ಲನಾದರೆ ಇಷ್ಟೆಲ್ಲವನ್ನೂ ಸೊನ್ನೆಯಿಂದ ಮಾಡಬೇಕಾದುದಿಲ್ಲ. ಮೊದಲನೆಯ ದಿನ ಪೂರ್ವವೂ ಪಶ್ಚಿಮವೂ ಉಳಿದಿದ್ದುದರಿಂದ ಎರಡೂ ಕಡೆಯಿಂದ ಪ್ರಾರಂಭಶಕ್ತಿ ಬಂತು; ಎರಡನೆಯ ದಿನ ಪೂರ್ವವೇ ಬಿದ್ದುಹೋಗಿ, ಪಶ್ಚಿಮವು ಮುಖ್ಯ ಆಸರೆಯಾಯಿತು. ಆ ಪಶ್ಚಿಮವಾದರೂ ತಾನು ಕಳಿಸುತ್ತಿದ್ದ ವಿದ್ಯುತ್ತಿಗೆ ಗಿರಾಕಿಯೇ ಇಲ್ಲವಾಗಿ, ಆವರ್ತನ 51 ಹರ್ಟ್ಸನ್ನೂ ಮೀರಿ ಏರಿದ ಆಘಾತವನ್ನು ಸಹಿಸಿ ನಿಂತಿತ್ತು. 2025ರ ಏಪ್ರಿಲ್ 28ರ ಮಧ್ಯಾಹ್ನ ಸ್ಪೇನ್ ಮತ್ತು ಪೋರ್ಚುಗಲ್ ದೇಶಗಳ ಜಾಲ ಕುಸಿದಾಗಲೂ ಇದೇ ಎರಡು ದಾರಿಗಳು ಒಟ್ಟಿಗೆ ಕೆಲಸಕ್ಕೆ ಬಂದುವು: ಒಂದೆಡೆ ಫ್ರಾನ್ಸ್ ಮತ್ತು ಮೊರಾಕ್ಕೊ ದೇಶಗಳಿಂದ ಬಂದ ನೆರವು, ಇನ್ನೊಂದೆಡೆ ತಮ್ಮದೇ ನದಿಗಳ ಜಲವಿದ್ಯುತ್ತು.

ಬರಿದಾದ ತಂತಿ, ಹಸಿದ ಊರು

ಜನರೇಟರು ತಿರುಗಿತು, ಇನ್ನು ತಂತಿಗೆ ವಿದ್ಯುತ್ತು ಹಾಯಿಸಿದರಾಯಿತೆಂದು ನಾವು ಭಾವಿಸಬಹುದು. ಆದರೆ ನೂರಾರು ಕಿಲೋಮೀಟರು ಉದ್ದದ ಅತ್ಯುಚ್ಚ ವೋಲ್ಟೇಜಿನ ಮಾರ್ಗದ ಕೊನೆಯಲ್ಲಿ ಬಳಕೆದಾರನೇ ಇಲ್ಲದಿದ್ದರೆ, ಅಲ್ಲಿಯ ವೋಲ್ಟೇಜು ಹೊರಟ ಕಡೆಯದಕ್ಕಿಂತ ಹೆಚ್ಚಾಗಿ ಉಬ್ಬರಿಸುತ್ತದೆ. ಫೆರಾಂಟಿ ಪರಿಣಾಮವೆಂದು ಹೆಸರಾದ ಈ ಉಬ್ಬರ ಮಿತಿಮೀರಿದರೆ ಟ್ರಾನ್ಸ್‌ಫಾರ್ಮರುಗಳಿಗೆ ಅಪಾಯ. ಅದನ್ನು ತಗ್ಗಿಸಲು ಮಾರ್ಗದ ತುದಿಯಲ್ಲಿ ರಿಯಾಕ್ಟರುಗಳೆಂಬ ಸುರುಳಿಗಳನ್ನು ಜೋಡಿಸುತ್ತಾರೆ, ಮತ್ತು ಸಾಧ್ಯವಾದೊಡನೆ ಅಲ್ಲಿ ಒಂದಿಷ್ಟು ಬಳಕೆಯನ್ನು ಸೇರಿಸುತ್ತಾರೆ.

ಬಳಕೆಯನ್ನು ಸೇರಿಸುವುದರಲ್ಲಿಯೂ ಒಂದು ತೂಕವಿದೆ. ನೂರು ಮೆಗಾವಾಟಿನ ಪುಟ್ಟ ದ್ವೀಪಕ್ಕೆ ಮೂವತ್ತು ಮೆಗಾವಾಟಿನ ಊರನ್ನು ಒಮ್ಮೆಲೇ ತಗುಲಿಸಿದರೆ ಆವರ್ತನ ಪಾತಾಳಕ್ಕಿಳಿದು, ಕಟ್ಟಿದ್ದೆಲ್ಲವೂ ಮತ್ತೆ ಕುಸಿಯುತ್ತದೆ. ಆದುದರಿಂದ ಚಾಲ್ತಿಯಲ್ಲಿರುವ ಉತ್ಪಾದನೆಯ ಶೇ. 5ರಷ್ಟನ್ನು ಮೀರದ ಚಿಕ್ಕಚಿಕ್ಕ ತುತ್ತುಗಳನ್ನೇ ಸೇರಿಸುತ್ತ, ಪ್ರತಿ ತುತ್ತಿನ ಅನಂತರವೂ ಆವರ್ತನ ಸ್ಥಿಮಿತಕ್ಕೆ ಬರುವವರೆಗೆ ಕಾಯುವುದು ರೂಢಿ. ಊರಿನ ಹಸಿವೂ ಎಂದಿನಂತಿರುವುದಿಲ್ಲ. ಸಾಮಾನ್ಯ ದಿನಗಳಲ್ಲಿ ಒಂದು ಫ್ರಿಜ್ ಚಾಲೂ ಆಗುವಾಗ ಇನ್ನೊಂದು ನಿಂತಿರುತ್ತದೆ. ಹಲವು ಗಂಟೆಗಳ ಕತ್ತಲೆಯ ತರುವಾಯವಾದರೋ ಫ್ರಿಜ್ಜು, ಪಂಪು, ಏರ್ ಕಂಡೀಷನರು, ಇನ್ವರ್ಟರಿನ ಬ್ಯಾಟರಿ ಎಲ್ಲವೂ ಏಕಕಾಲದಲ್ಲಿ ಕೈಚಾಚುತ್ತವೆ. ಆ ಮೊದಲ ನಿಮಿಷಗಳಲ್ಲಿ, ಬಡಾವಣೆಗಳಿಗೆ ವಿದ್ಯುತ್ತನ್ನೊಯ್ಯುವ ಒಂದು ಫೀಡರಿನ ಬೇಡಿಕೆ ಮಾಮೂಲಿನ ಎರಡರಷ್ಟಾಗುವುದೂ ಉಂಟು. ಕರೆಂಟು ಬಂದು ಎರಡೇ ನಿಮಿಷದಲ್ಲಿ ಮತ್ತೆ ಹೋದಾಗ ನಾವು ಶಪಿಸುವ ಸಂದರ್ಭಗಳಲ್ಲಿ ಎಷ್ಟೋ ಸಲ ಕಾರಣವಾಗಿರುವುದು ನಮ್ಮ ಮನೆಗಳಲ್ಲಿ ಆರಿಸದೆ ಬಿಟ್ಟ ಗುಂಡಿಗಳೇ.

ಹೀಗಿರುವಾಗ ಮೊದಲ ದೀಪ ಯಾರ ಪಾಲಿಗೆ? ನಿಯಮದಲ್ಲಿ ಒಂದು ಅನುಕ್ರಮವಿದೆ: ವಿದ್ಯುದಾಗಾರಗಳ ಪ್ರಾರಂಭಶಕ್ತಿ, ಪರಮಾಣು ಸ್ಥಾವರಗಳ ಭದ್ರತೆ, ರೈಲ್ವೆ, ಗಣಿ, ಆಸ್ಪತ್ರೆ, ಕುಡಿಯುವ ನೀರು ಇವು ಮೊದಲು, ಉಳಿದವರೆಲ್ಲ ಅನಂತರ. 2012ರ ಎರಡನೆಯ ಪತನದಲ್ಲಿ ಪಶ್ಚಿಮ ಬಂಗಾಳದ ಕಲ್ಲಿದ್ದಲು ಗಣಿಗಳೊಳಗೆ ಸುಮಾರು 200 ಮಂದಿ ಕಾರ್ಮಿಕರು ಸಿಕ್ಕಿಕೊಂಡಿದ್ದರು, ನೂರಾರು ರೈಲುಗಳು ನಿಂತಲ್ಲಿಯೇ ನಿಂತಿದ್ದುವು, ದೆಹಲಿ ಮೆಟ್ರೋದ ಪ್ರಯಾಣಿಕರು ಸುರಂಗಗಳಿಂದ ಹೊರಗೆ ನಡೆದುಬರಬೇಕಾಯಿತು. ಇಂಥ ತುರ್ತಿನ ಭಾರಗಳಿಗೆ ಮಧ್ಯಾಹ್ನ ಮೂರೂವರೆಯ ಹೊತ್ತಿಗೆ ವಿದ್ಯುತ್ತನ್ನು ಮುಟ್ಟಿಸಲಾಯಿತು. ಆದರೆ ಈ ಅನುಕ್ರಮದಲ್ಲಿ ಹೆಸರೇ ಇಲ್ಲದ ಯಾವುದೋ ಬಡಾವಣೆಗೆ ಎಲ್ಲರಿಗಿಂತ ಮುಂಚೆ ದೀಪ ಬರುವುದುಂಟು. ಅದು ಪಕ್ಷಪಾತವೆಂದು ನೆರೆಯವರು ಗೊಣಗಬಹುದು; ನಿಜಸಂಗತಿಯೆಂದರೆ, ಉಬ್ಬರಿಸುತ್ತಿದ್ದ ತಂತಿಯೊಂದನ್ನು ಹದಕ್ಕೆ ತರಲು, ಅಥವಾ ಆಗತಾನೇ ಎದ್ದ ಜನರೇಟರು ತೂಗಾಡದಂತೆ ಅದಕ್ಕೊಂದು ಹೊರೆ ಕೊಡಲು, ಎಂಜಿನಿಯರಿಗೆ ಆ ಕ್ಷಣದಲ್ಲಿ ಅಲ್ಲೊಂದು ಬಳಕೆ ಬೇಕಾಗಿತ್ತು. ವಿದ್ಯುತ್ತಿಗಾಗಿ ಊರು ಕಾಯುವಂತೆ ಊರಿಗಾಗಿ ವಿದ್ಯುತ್ತೂ ಕಾಯುತ್ತದೆ. ಬಳಕೆದಾರನಿಲ್ಲದ ಜನರೇಟರು, ಜನರೇಟರಿಲ್ಲದ ಬಳಕೆದಾರನಷ್ಟೇ ನಿರುಪಾಯಿ.

ದ್ವೀಪಗಳು ಕೂಡುವ ಮುಹೂರ್ತ

ಹೀಗೆ ಅಲ್ಲಲ್ಲಿ ಹುಟ್ಟಿ ಬೆಳೆದ ದ್ವೀಪಗಳನ್ನು ಒಂದಕ್ಕೊಂದು ಕೂಡಿಸುವುದು ಎಲ್ಲಕ್ಕಿಂತ ನಾಜೂಕಿನ ಘಟ್ಟ. ಎರಡು ದ್ವೀಪಗಳ ವೋಲ್ಟೇಜು ಸರಿಸಮವಾಗಬೇಕು. ಆವರ್ತನಗಳ ನಡುವೆ ಅಂತರ ಇದ್ದೂ ಇಲ್ಲದಂತಿರಬೇಕು. ಎರಡರ ಅಲೆಗಳ ಏರುತಗ್ಗುಗಳು ಒಂದರ ಮೇಲೊಂದು ಹೊಂದಿಕೊಂಡು ಕೂರಬೇಕು. ಇವನ್ನೆಲ್ಲ ಒಂದೇ ನೋಟಕ್ಕೆ ತೋರಿಸುವ ಸಿಂಕ್ರೋಸ್ಕೋಪ್ ಎಂಬ ಉಪಕರಣದ ಮುಳ್ಳು ಮೆಲ್ಲಗೆ ಸುತ್ತುತ್ತ ಹನ್ನೆರಡು ಗಂಟೆಯ ಸ್ಥಾನವನ್ನು ಸಮೀಪಿಸುವಾಗ ಬ್ರೇಕರನ್ನು ಮುಚ್ಚಬೇಕು. ಮುಹೂರ್ತ ತಪ್ಪಿ ಮುಚ್ಚಿದರೆ, ಟರ್ಬೈನಿನ ದಂಡವನ್ನೇ ತಿರುಚುವಷ್ಟು ಘೋರವಾದ ಹೊಡೆತ ಯಂತ್ರಗಳ ಮೇಲೆ ಬೀಳಬಹುದು. ಆವರ್ತನವನ್ನು ಕೂದಲೆಳೆಯಷ್ಟು ಏರಿಸಿರೆಂದು ಒಂದು ಸ್ಥಾವರಕ್ಕೆ, ಒಂದಿಷ್ಟು ಬಳಕೆಯನ್ನು ಕಳಚಿರೆಂದು ಇನ್ನೊಂದು ರಾಜ್ಯಕ್ಕೆ, ಫೋನಿನ ಮೇಲೆ ಫೋನು ಮಾಡುತ್ತ ಕುಳಿತ ಲೋಡ್ ಡಿಸ್ಪ್ಯಾಚ್ ಸೆಂಟರಿನ ಪಾಳಿಯ ಎಂಜಿನಿಯರುಗಳಿಗೆ ಆ ಹೊತ್ತಿನಲ್ಲಿ ಅತ್ಯವಶ್ಯವಾದ ಗುಣವೆಂದರೆ, ಹೊರಗೆ ಎಷ್ಟು ಕೂಗಾಟವಿದ್ದರೂ ಒಂದು ಹೆಜ್ಜೆ ಸ್ಥಿರವಾಗುವವರೆಗೆ ಮುಂದಿನದನ್ನು ಇಡದಿರುವ ಮನಸ್ಥೈರ್ಯ.

ಕಂಬದಿಂದ ಮನೆಗೆ

ಬಿರುಗಾಳಿಯ ಕತ್ತಲೆಯಲ್ಲಿ ಕೆಲಸ ಬೇರೆ, ನೀತಿ ಒಂದೇ. ಅಲ್ಲಿಯೂ ಮೊದಲು ದುರಸ್ತಿಯಾಗುವುದು ಸಬ್‌ಸ್ಟೇಷನ್ನಿಗೆ ವಿದ್ಯುತ್ತು ತರುವ ದೊಡ್ಡ ಮಾರ್ಗ. ಆಮೇಲೆ 11 ಕಿಲೋವೋಲ್ಟಿನ ಫೀಡರುಗಳು. ಅವುಗಳಲ್ಲಿಯೂ ಆಸ್ಪತ್ರೆ ಮತ್ತು ನೀರು ಸರಬರಾಜಿನವು ಮುಂದೆ. ಅನಂತರ ರೈತರು ಟೀಸಿ ಎಂದು ಕರೆಯುವ ಟ್ರಾನ್ಸ್‌ಫಾರ್ಮರುಗಳು. ಕಟ್ಟಕಡೆಗೆ ಒಂಟಿಮನೆಯ ಸರ್ವಿಸ್ ತಂತಿ. ಒಂದು ರಿಪೇರಿಯಿಂದ ಸಾವಿರ ಮನೆಗೆ ಬೆಳಕು ಬರುವಂತಿದ್ದರೆ ಅದು ಮೊದಲು, ಒಂದೇ ಮನೆಗೆ ಬರುವಂತಿದ್ದರೆ ಅದು ಕೊನೆಗೆ ಎಂಬುದು ನ್ಯಾಯವೇ ಆದರೂ, ತೋಟದ ನಡುವಣ ಆ ಒಂಟಿಮನೆಯವರ ಪಾಲಿಗೆ ಅದು ಕಠೋರವಾದ ನ್ಯಾಯ.

ಕಂಬ ಹತ್ತುವ ಮಾರ್ಗದಾಳಿನ ಪ್ರಾಣರಕ್ಷಣೆಗೂ ಇಂಥದೇ ಒಂದು ಅನುಲ್ಲಂಘ್ಯ ಕ್ರಮವಿದೆ. ಮಾರ್ಗವನ್ನು ಕಡಿದಿದೆಯೆಂಬ ಲೈನ್ ಕ್ಲಿಯರ್ ಅನುಮತಿಯನ್ನು ಸ್ಟೇಷನ್ನಿನಿಂದ ಪಡೆಯದೆ, ಮಾರ್ಗವನ್ನು ಎರಡೂ ಬದಿಯಲ್ಲಿ ಭೂಮಿಗೆ ಜೋಡಿಸದೆ, ಅವನು ತಂತಿಯನ್ನು ಮುಟ್ಟತಕ್ಕದ್ದಲ್ಲ. ಇಷ್ಟು ಎಚ್ಚರ ವಹಿಸಿದರೂ, ಯಾವುದೋ ಮನೆಯಲ್ಲಿ ಚೇಂಜ್ ಓವರ್ ಸ್ವಿಚ್ ಇಲ್ಲದೆ ನಡೆಸಿದ ಜನರೇಟರಿನ ವಿದ್ಯುತ್ತು ಹಿಮ್ಮುಖವಾಗಿ ಹರಿದು, ಟ್ರಾನ್ಸ್‌ಫಾರ್ಮರಿನಲ್ಲಿ ಸಾವಿರಾರು ವೋಲ್ಟಾಗಿ ಏರಿ, ಅವನ ಜೀವವನ್ನು ಕಳೆಯಬಲ್ಲದು. ಎರಡು ಗಂಟೆಯಲ್ಲಿ ಮುಗಿಯಬೇಕಾದ ಕೆಲಸ ಮೂರು ಗಂಟೆ ಹಿಡಿಯಿತೆಂದು ಆಕ್ಷೇಪಿಸುವವರು, ಆ ಮೂರನೆಯ ಗಂಟೆ ವ್ಯಯವಾದುದು ಎಲ್ಲಿ ಎಂಬುದನ್ನು ವಿಚಾರಿಸುವುದೊಳ್ಳೆಯದು.

ದಕ್ಷಿಣದ ಪಾಲು

1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿದಾಗ, ಆ ಲೋಕ ಅತಿ ಸರಳವಾಗಿತ್ತು: ಒಂದು ಜಲಪಾತ, ಒಂದು ಮಾರ್ಗ, ಒಬ್ಬ ಗಿರಾಕಿ. ಆ ಬಳಿಕ ನೂರು ವರ್ಷಗಳಲ್ಲಿ ಜಾಲ ಹಬ್ಬಿತಾದರೂ ದಕ್ಷಿಣ ಭಾರತ ಮಾತ್ರ ಬಹುಕಾಲ ತನ್ನದೇ ಲಯದಲ್ಲಿ ನಡೆಯುತ್ತಿತ್ತು. 2012ರಲ್ಲಿ ಅದು ಉಳಿದ ದೇಶದೊಡನೆ ಕೂಡಿಕೊಂಡಿದ್ದುದು ಒಡಿಶಾದ ತಾಲ್ಚೇರಿನಿಂದ ನಮ್ಮ ಕೋಲಾರಕ್ಕೆ ಬರುವ ಮಾರ್ಗದಂಥ ನೇರ ವಿದ್ಯುತ್ತಿನ ಕೊಂಡಿಗಳ ಮೂಲಕ. ಅಂಥ ಕೊಂಡಿಯು ಶಕ್ತಿಯನ್ನು ಸಾಗಿಸುತ್ತದೆಯೇ ಹೊರತು ಲಯವನ್ನು ಸಾಗಿಸುವುದಿಲ್ಲ. ಪೂರ್ವದ ಜಾಲ ಬಿದ್ದು ತಾಲ್ಚೇರಿನ ವಿದ್ಯುತ್ತು ನಿಂತಾಗ, ದಕ್ಷಿಣದಲ್ಲಿ ಆವರ್ತನ ಇಳಿದೊಡನೆಯೇ ತಾವಾಗಿ ಕೆಲವು ಫೀಡರುಗಳನ್ನು ಕಳಚುವ ರಿಲೇಗಳು ಕೆಲಸಮಾಡಿ, ಕೆಲವರನ್ನು ಕತ್ತಲಲ್ಲಿಟ್ಟು ಎಲ್ಲರನ್ನೂ ಉಳಿಸಿದುವು. ಉತ್ತರದಲ್ಲಿ ಇದೇ ರಕ್ಷಣೆ ಸಾಕಷ್ಟು ಫಲಕೊಡದೆ ಹೋಗಿತ್ತು.

2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕಿಲೋವೋಲ್ಟ್ ಮಾರ್ಗದ ಮೂಲಕ ದಕ್ಷಿಣವೂ ದೇಶದ ಲಯಕ್ಕೆ ಸೇರಿತು. ಇಂದು ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಒಂದೇ ಆವರ್ತನ. ಸಹಾಯಕ್ಕೆ ಬರಬಲ್ಲ ಕೈಗಳು ಇದರಿಂದ ಹೆಚ್ಚಿದುವು, ಒಬ್ಬರ ಎಡವಟ್ಟಿಗೆ ತತ್ತರಿಸಬೇಕಾದ ಮನೆಗಳೂ ಹೆಚ್ಚಿದುವು. ಪಶ್ಚಿಮಘಟ್ಟದ ಶರಾವತಿ, ಕಾಳಿ, ವಾರಾಹಿಗಳ ಜಲವಿದ್ಯುದಾಗಾರಗಳಿಗೆ, ಅವು ದಿನನಿತ್ಯ ಕೊಡುವ ಯೂನಿಟ್ಟುಗಳ ಲೆಕ್ಕಕ್ಕೆ ಸಿಕ್ಕದ ಇನ್ನೊಂದು ಬೆಲೆ ಇರುವುದು ಇಲ್ಲಿಯೇ. 1,035 ಮೆಗಾವಾಟಿನ ಶರಾವತಿ ಸ್ಥಾವರವು ಪಾವಗಡದ 2,050 ಮೆಗಾವಾಟಿನ ಸೌರ ಉದ್ಯಾನಕ್ಕಿಂತ ಗಾತ್ರದಲ್ಲಿ ಚಿಕ್ಕದಾದರೂ, ಸೌರಫಲಕಗಳ ಇನ್ವರ್ಟರುಗಳಲ್ಲಿ ಬಹುಪಾಲು ಜಾಲದ ಲಯವನ್ನು ಅನುಸರಿಸಬಲ್ಲವೇ ಹೊರತು ತಾವೇ ಅದನ್ನು ಹುಟ್ಟುಹಾಕಲಾರವು. ಲಯವನ್ನು ತಾವೇ ಕಟ್ಟಬಲ್ಲ ಹೊಸ ಬಗೆಯ ಇನ್ವರ್ಟರುಗಳೂ ಬೃಹತ್ ಬ್ಯಾಟರಿಗಳೂ ಈಗ ಬರತೊಡಗಿವೆ; ಅವು ವ್ಯಾಪಕವಾಗುವವರೆಗೆ ಕತ್ತಲಿಂದ ಏಳುವ ಹೊಣೆ ಹೆಚ್ಚಾಗಿ ನೀರಿನ ಮೇಲೆಯೇ.

ನಿತ್ಯದ ಸಂಯಮ

ಜಾಲವನ್ನು ಎಬ್ಬಿಸುವ ತಾಲೀಮನ್ನು ಕನಿಷ್ಠಪಕ್ಷ ಆರು ತಿಂಗಳಿಗೊಮ್ಮೆಯಾದರೂ ನಡೆಸಬೇಕೆಂದು 2010ರ ಗ್ರಿಡ್ ಸಂಹಿತೆ ವಿಧಿಸಿತ್ತು. ಎಂದೂ ಬಳಸದ ಡೀಸೆಲ್ ಜನರೇಟರು ಬೇಕಾದ ದಿನವೇ ಕೈಕೊಡುವುದು ಲೋಕಾನುಭವವಾದುದರಿಂದ, ಈ ವಿಧಿ ವಿವೇಕಯುತವಾದುದೇ. ಆದರೆ 2012ರ ಆ ಎರಡು ದಿನಗಳು ಕಲಿಸಿದ ಪಾಠ ತಾಲೀಮಿಗಿಂತ ದೊಡ್ಡದು. ಜುಲೈ 30ರ ಸಂಜೆ ಜಾಲ ಪೂರ್ತಿ ಎದ್ದು ನಿಂತಿತ್ತು. ಅದನ್ನು ಎಬ್ಬಿಸಿದ ಕೌಶಲದಲ್ಲಿ ಕುಂದು ಹುಡುಕುವುದು ಕಷ್ಟ. ಆದರೂ ಒಂದು ದಿನ ತುಂಬುವುದರೊಳಗೆ ಅದು ಮತ್ತೆ ಬಿತ್ತು. ಏಕೆಂದರೆ ಎದ್ದೊಡನೆ ಎಲ್ಲರೂ ಹಳೆಯ ಅಭ್ಯಾಸಕ್ಕೇ ಮರಳಿದ್ದರು. ಸೆಳೆಯುವವರು ಸೆಳೆಯುತ್ತಲೇ ಇದ್ದರು, ತುರುಕುವವರು ತುರುಕುತ್ತಲೇ ಇದ್ದರು.

ನಿಜವಾದ ಪರಿಹಾರ ಬಂದುದು ಅನಂತರದ ವರ್ಷಗಳಲ್ಲಿ, ಯಾರ ಗಮನಕ್ಕೂ ಬಾರದ ಒಂದು ಅಂಕಿಯ ರೂಪದಲ್ಲಿ. ಅದಕ್ಕೆ ಮುಂಚೆ ಜಾಲದ ಆವರ್ತನ 49.7ರಿಂದ 50.2 ಹರ್ಟ್ಸ್‌ವರೆಗೆ ಓಲಾಡಲು ಅವಕಾಶವಿತ್ತು. 2014ರ ಫೆಬ್ರುವರಿಯಿಂದ ಆ ಪಟ್ಟಿಯನ್ನು 49.90ರಿಂದ 50.05ಕ್ಕೆ ಬಿಗಿಗೊಳಿಸಿ, ಅಲ್ಲಿಯವರೆಗೆ ಹಣ ತೆತ್ತು ಮಾಡಬಹುದಾಗಿದ್ದ ವ್ಯತ್ಯಯಗಳಿಗೆ ಮಿತಿಯನ್ನೂ ಕಟ್ಟಲಾಯಿತು. ಅರ್ಧ ಹರ್ಟ್ಸಿನ ಆ ಅಗಲ ಅದರ ಮೂರನೆಯ ಒಂದು ಭಾಗಕ್ಕೂ ಕಡಿಮೆಯಾಯಿತೆಂದರೆ, ಪ್ರತಿಯೊಂದು ರಾಜ್ಯವೂ ತನ್ನ ಬೇಡಿಕೆಯನ್ನು ಮುಂಚಿತವಾಗಿ ಸರಿಯಾಗಿ ಅಂದಾಜುಮಾಡಿ, ಹೇಳಿದಷ್ಟನ್ನೇ ಸೆಳೆದು, ಕೊಡುತ್ತೇನೆಂದಷ್ಟನ್ನೇ ಕೊಡಬೇಕಾಯಿತೆಂದು ಅರ್ಥ. ತುತ್ತು ತುತ್ತಾಗಿ ಸೇರಿಸುವುದು, ಇದ್ದುದರೊಳಗೆ ನಡೆಯುವುದು, ಒಬ್ಬರ ಅವಸರದಿಂದ ಎಲ್ಲರೂ ಬೀಳದಂತೆ ನೋಡಿಕೊಳ್ಳುವುದು ಇವನ್ನು ಜುಲೈ 31ರ ಅಪರಾಹ್ನ ಎಂಟು ಗಂಟೆಗಳ ಕಾಲ ಮೂರು ಪ್ರಾಂತಗಳ ಎಂಜಿನಿಯರುಗಳು ಗತ್ಯಂತರವಿಲ್ಲದೆ ಪಾಲಿಸಿದರು. ಇಂದು ಆ ಇಕ್ಕಟ್ಟಾದ ಪಟ್ಟಿ ಇಡೀ ದೇಶದಿಂದ ಬೇಡುವುದು ಅದೇ ಸಂಯಮವನ್ನೇ. ಅದನ್ನು ದೀಪಗಳೆಲ್ಲ ಉರಿಯುತ್ತಿರುವಾಗಲೂ ಪ್ರತಿದಿನ ಪಾಲಿಸಬೇಕೆಂಬುದಷ್ಟೇ ಅದರಲ್ಲಿರುವ ಕಷ್ಟ.